ಕಾಯಿಲ್ ತರುವ ಮುಂಚೆ ಒಂದು ಬಲ್ಬ್ ಹಚ್ಚಿ ನೋಡಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಮೈಸೂರಿನ ನನ್ನ ಗ್ಯಾರೇಜಿಗೆ ಗಾಡಿ ತಂದರು. ಜರ್ಮನ್ ಸೆಡಾನ್, ಸಾಲಾಗಿ ಆರು ಸಿಲಿಂಡರ್ ಇರುವ ಟರ್ಬೊ ಪೆಟ್ರೋಲ್ ಎಂಜಿನ್, 84,000 ಕಿಲೋಮೀಟರ್ ಓಡಿತ್ತು. ಡಿಕ್ಕಿ ತೆಗೆದರೆ ಒಂದು ಗೋಣಿಚೀಲ. ಅದರೊಳಗೆ ಬಿಚ್ಚಿ ಹಾಕಿದ ಆರು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವುದು ಇದೇ), ಕಿಡಿ ಹಾರಿಸುವ ಹನ್ನೆರಡು ಪ್ಲಗ್, ಪೆಟ್ರೋಲ್ ಚಿಮ್ಮಿಸುವ ಒಂದು ಇಂಜೆಕ್ಟರ್. ನಾಲ್ಕು ತಿಂಗಳಲ್ಲಿ ಎರಡು ಕಡೆ ತೋರಿಸಿ, ಹತ್ತಿರ ಹತ್ತಿರ ಎರಡು ಲಕ್ಷ ಸುರಿದಿದ್ದರು. "ಇನ್ನೂ ಮಿಸ್ಸಿಂಗ್ ಹೊಡೀತಾನೇ ಇದೆ ಮಾರಾಯ್ರೇ" ಅಂದರು. ಮಿಸ್ಸಿಂಗ್ ಅಥವಾ ಮಿಸ್‌ಫೈರ್ ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ತಡವರಿಸುವುದು. ಆ ಚೀಲ ನೋಡಿ ನನಗೆ ಸಂಕಟವಾಯಿತು. ದುಬಾರಿ ಗಾಡಿಯಲ್ಲಿ ಊಹೆಯ ಮೇಲೆ ಪಾರ್ಟ್ಸ್ ಬದಲಾಯಿಸುತ್ತಾ ಹೋಗಬಾರದು. ಆ ಗಾಡಿಯಲ್ಲಿ ನಾನು ಏನೇನು ಮಾಡಿದೆ ಅನ್ನುವುದನ್ನೇ ಇಲ್ಲಿ ಬರೆಯುತ್ತೇನೆ. ನಿಮ್ಮ ಗಾಡಿಗೂ ಇದೇ ದಾರಿ.

ಬಾನೆಟ್ ಎತ್ತುವ ಮುಂಚೆ ಓಡಿಸುವವರನ್ನು ಕೇಳಿ. ಬೆಳಿಗ್ಗೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ನಿಂತಲ್ಲೇ ನಡುಗುತ್ತದೋ, ಏರು ಹತ್ತುವಾಗ ಜಗ್ಗುತ್ತದೋ? ಮಳೆಯಲ್ಲಿ ಹೆಚ್ಚಾಗುತ್ತದೋ? ಈ ಮೂರು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಒಂದೆರಡು ನಿಮಿಷ ತಡವರಿಸಿ ಆಮೇಲೆ ಸರಿಹೋದರೆ ಸೋರುವ ಇಂಜೆಕ್ಟರ್ ಅಥವಾ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿನ ಮೇಲೆ ಕಟ್ಟಿದ ಕಾರ್ಬನ್ ಮೇಲೆ ನನ್ನ ಗುಮಾನಿ. ನಿಂತಲ್ಲೇ ನಡುಗಿ, ಎಕ್ಸಲರೇಟರ್ ಒತ್ತಿದರೆ ಸರಿಹೋದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಬೆಳೆಗಾರರು ಹೇಳಿದ್ದು ಬೇರೆ: "ಬೆಳಿಗ್ಗೆ ಚೆನ್ನಾಗೇ ಇರುತ್ತೆ. ಮಂಗಳೂರಿನಿಂದ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತಬೇಕಲ್ಲ, ಅಲ್ಲಿ ಶುರು." ಬಿಸಿಯಾದ ಮೇಲೆ, ಲೋಡ್ ಬಿದ್ದಾಗ. ಲೋಡ್ ಬಿದ್ದಷ್ಟೂ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ, ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ನಿಶ್ಶಕ್ತ ಕಿಡಿ ಬಯಲಾಗುವುದು ಅಲ್ಲೇ.

ಇನ್ನೊಂದು ಪ್ರಶ್ನೆ: ಎಂಜಿನ್ ಲೈಟ್ ಸುಮ್ಮನೆ ಉರಿಯುತ್ತಿತ್ತೋ, ಮಿಟುಕುತ್ತಿತ್ತೋ? ಮಿಟುಕಿದರೆ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ, ಟೋ ಮಾಡಿಸಿ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯುತ್ತದೆ, ಜೇನುಗೂಡಿನಂಥ ಒಳಭಾಗ ಕರಗುತ್ತದೆ. ಆಮೇಲೆ ಆಗುವ ಖರ್ಚಿನ ಮುಂದೆ ಕಾಯಿಲ್ ದುಡ್ಡು ಏನೂ ಅಲ್ಲ.

ಈಗ ಸ್ಕ್ಯಾನರ್, ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸಾಧನ. ಕೋಡ್ ಪಿ0300 ಬಂದರೆ ಮಿಸ್‌ಫೈರ್ ಒಂದೇ ಸಿಲಿಂಡರಿಗೆ ಕಟ್ಟುಬಿದ್ದಿಲ್ಲ. ಪಿ0301 ಒಂದನೆಯದು, ಪಿ0302 ಎರಡನೆಯದು, ಹೀಗೆ. ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ತಿರುಗುವ ವೇಗದಲ್ಲಿ ಆಗುವ ಸಣ್ಣ ತಡವರಿಕೆಯನ್ನು ಸೆನ್ಸರ್ ಅಳೆದು, ಯಾವ ಸಿಲಿಂಡರಿನ ಸರದಿಯಲ್ಲಿ ಎಡವಿತು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಂದರೆ ಕೋಡ್ ಹೇಳುವುದು ಸಿಲಿಂಡರನ್ನು ಮಾತ್ರ, ಕೆಟ್ಟ ಪಾರ್ಟನ್ನಲ್ಲ. ದಯವಿಟ್ಟು ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ತೆಗೆದು ಫೋನಿನಲ್ಲಿ ಫೋಟೊ ಹೊಡೆದುಕೊಳ್ಳಿ. ಆ ಕ್ಷಣದ ಆರ್‌ಪಿಎಂ, ಲೋಡ್, ಕೂಲೆಂಟ್ ಬಿಸಿ ಎಲ್ಲ ಅದರಲ್ಲಿದೆ, ಅಳಿಸಿದರೆ ಹೋಯಿತು. ಈ ಗಾಡಿಯಲ್ಲಿ ಪಿ0305, 2,900 ಆರ್‌ಪಿಎಂ, ಎಂಜಿನ್ ಪೂರ್ತಿ ಬಿಸಿ. ಬೆಳೆಗಾರರ ಮಾತಿಗೂ ಇದಕ್ಕೂ ತಾಳೆಯಾಯಿತು.

ಫ್ಯೂಯಲ್ ಟ್ರಿಮ್ ಕೂಡ ನೋಡಿಬಿಡಿ: ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸುತ್ತಿದೆ (ಪ್ಲಸ್) ಅಥವಾ ಕಡಿಮೆ ಮಾಡುತ್ತಿದೆ (ಮೈನಸ್) ಎನ್ನುವ ಲೆಕ್ಕ. ನಿಂತಲ್ಲಿ ಟ್ರಿಮ್ ತುಂಬಾ ಪ್ಲಸ್ ಇದ್ದು 2,500ಕ್ಕೆ ಏರಿಸಿದಾಗ ಇಳಿದರೆ ಗಾಳಿ ಸೋರಿಕೆ. ಸ್ಮೋಕ್ ಟೆಸ್ಟ್ ಮಾಡಿ (ಗಾಳಿ ದಾರಿಗೆ ಹೊಗೆ ತುಂಬಿ ಎಲ್ಲಿ ಹೊರಬರುತ್ತದೆ ನೋಡುವುದು), ಎಂಜಿನ್ ಮೇಲಿನ ಮುಚ್ಚಳವಾದ ಹೆಡ್ ಕವರಿನಲ್ಲಿರುವ ಬ್ರೀದರಿನ ರಬ್ಬರ್ ಪೊರೆ (ಡಯಾಫ್ರಾಮ್) ಹರಿದಿದೆಯಾ ನೋಡಿ (ಹರಿದಿದ್ದರೆ ಚಾಲೂ ಇರುವಾಗ ಆಯಿಲ್ ಕ್ಯಾಪ್ ಒಳಕ್ಕೆ ಎಳೆದು ಹಿಡಿದಿರುತ್ತದೆ, ಸಿಳ್ಳೆ ಸದ್ದೂ ಬರಬಹುದು). ಲೋಡಿನಲ್ಲಿ ಟ್ರಿಮ್ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಶುದ್ಧ ಪೆಟ್ರೋಲಿಗೆ ಗಾಳಿಯ ಪ್ರಮಾಣ 14.7ಕ್ಕೆ 1, ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಸುಮಾರು 13.5ಕ್ಕೆ 1. ಹಾಗಾಗಿ ಹಳೆಯ ಗಾಡಿಯಲ್ಲಿ ಎಲ್ಲ ವೇಗದಲ್ಲೂ ಪ್ಲಸ್ 6, 7 ಕಂಡರೆ ಅದು ಇಂಧನದ್ದೇ ಆಗಿರಬಹುದು, ಗಾಬರಿ ಬೇಡ. ಬೆಳೆಗಾರರದ್ದು ಪ್ಲಸ್ 5, ಎಲ್ಲ ಕಡೆ ಒಂದೇ ಸಮ. ಗಾಳಿಯೂ ಅಲ್ಲ, ಪಂಪೂ ಅಲ್ಲ.

ಅಂಬಾಸಿಡರ್ ಕಾಲದಲ್ಲಿ ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪ್ಲಗ್ ವೈರ್ ಕಿತ್ತು, ಯಾವುದನ್ನು ಕಿತ್ತರೆ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್ ಎಂದು ಹಿಡಿಯುತ್ತಿದ್ದೆವು. ಪ್ಲಗ್ಗಿನ ತಲೆಮೇಲೇ ಕಾಯಿಲ್ ಕೂರುವ ಈಗಿನ ಗಾಡಿಗಳಲ್ಲಿ ಖಂಡಿತ ಹಾಗೆ ಮಾಡಬೇಡಿ. ಹತ್ತಾರು ಸಾವಿರ ವೋಲ್ಟ್ ದಾರಿ ಸಿಗದೆ ಕಾಯಿಲನ್ನೋ ಕಂಪ್ಯೂಟರನ್ನೋ ಸುಡಬಹುದು, ನಿಮ್ಮ ಕೈಗೂ ಹೊಡೆಯಬಹುದು. ಎಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಟ್ಟು, ಪಾರ್ಟನ್ನು ಜಾಗ ಬದಲಿಸಿ. ಸಿಲಿಂಡರ್ ಎಣಿಕೆ ಒಂದೊಂದು ಕಂಪನಿಯದು ಒಂದೊಂದು ಥರ, ಮ್ಯಾನ್ಯುಯಲ್ ನೋಡಿಕೊಳ್ಳಿ. ಇದರಲ್ಲಿ ರೇಡಿಯೇಟರ್ ಕಡೆಯಿಂದ ಒಂದು. ಐದರ ಕಾಯಿಲನ್ನು ಎರಡಕ್ಕೆ, ಐದರ ಪ್ಲಗ್ಗನ್ನು ಮೂರಕ್ಕೆ ಒಂದೇ ಸಲ ಹಾಕಿದೆ. ಮಿಸ್ಸಿಂಗ್ ಎರಡಕ್ಕೆ ಹೋದರೆ ಕಾಯಿಲ್, ಮೂರಕ್ಕೆ ಹೋದರೆ ಪ್ಲಗ್, ಐದರಲ್ಲೇ ಉಳಿದರೆ ಎರಡೂ ಅಲ್ಲ. ಎರಡೂ ಹೊಸವೇ ಇದ್ದವು, ಆದರೂ ಬಿಡಲಿಲ್ಲ, ಹೊಸದೂ ಕೆಟ್ಟಿರಬಹುದು. ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದಂಥ ಕಪ್ಪು ಗೆರೆ ಇದೆಯಾ, ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದೆಯಾ ಎಂದು ಟಾರ್ಚ್ ಬಿಟ್ಟು ನೋಡಿ. ಗೆರೆ ಇದ್ದರೆ ಪ್ಲಗ್ ಜತೆಗೆ ಕಾಯಿಲಿನ ರಬ್ಬರ್ ಬೂಟೂ ಬದಲಾಗಬೇಕು. ಆಯಿಲ್ ಇದ್ದರೆ ಮೊದಲು ಹೆಡ್ ಕವರ್ ಗ್ಯಾಸ್ಕೆಟ್. ಇಲ್ಲಿ ಎರಡೂ ಇರಲಿಲ್ಲ.

ಚಾಮುಂಡಿ ಬೆಟ್ಟ ಹತ್ತಿಸಿದೆ. ಅರ್ಧ ದಾರಿಯಲ್ಲಿ ಜಗ್ಗಿತು. ಕೋಡ್ ಮತ್ತೆ ಪಿ0305.

ಅಂದರೆ ದೋಷ ಐದನೇ ಜಾಗಕ್ಕೆ ಅಂಟಿಕೊಂಡಿದೆ: ಕಂಪ್ರೆಶನ್ (ಸಿಲಿಂಡರ್ ಗಾಳಿಯನ್ನು ಅದುಮಿ ಹಿಡಿಯುವ ಒತ್ತಡ), ಇಂಜೆಕ್ಟರ್ ಅಥವಾ ವೈರಿಂಗ್. ಇಂಜೆಕ್ಟರನ್ನು ಕೊನೆಗೆ ಇಟ್ಟುಕೊಳ್ಳಿ. ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್‌ನಲ್ಲಿ, ಇಂಜೆಕ್ಟರುಗಳಿಗೆ ಪೆಟ್ರೋಲ್ ಕೊಡುವ ಪೈಪಿನ (ರೈಲ್) ಒತ್ತಡ 200 ಬಾರ್ ಅಥವಾ ಅದಕ್ಕೂ ಮೇಲೆ ಹೋಗುತ್ತದೆ. ಒತ್ತಡ ಇಳಿಸದೆ ಪೈಪಿಗೆ ಕೈ ಹಾಕುವಂತಿಲ್ಲ, ಬಿಚ್ಚಿದರೆ ಸೀಲ್ ಹೊಸದೇ ಬೇಕು. ಕಂಪ್ರೆಶನ್ ಮೊದಲು: ಇಗ್ನಿಷನ್ ಮತ್ತು ಪೆಟ್ರೋಲ್ ಕಟ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಬ್ಯಾಟರಿಗೆ ಚಾರ್ಜರ್ ಕಟ್ಟಿ. ಒಂದರಿಂದ ಆರರವರೆಗೆ ಒತ್ತಡ 168, 170, 165, 172, 166, 170 ಪಿಎಸ್‌ಐ ಬಂತು. ಇಷ್ಟು ಸಮವಾಗಿದ್ದರೆ ಎಂಜಿನ್ ಬಿಚ್ಚುವ ಮಾತೇ ಇಲ್ಲ.

ಇಂಜೆಕ್ಟರ್ ಕೊನೆಗೆ, ಈಗ ವೈರು. ಅದಕ್ಕೆ ಮುಂಚೆ ನೋಡಿದವರು ಮಲ್ಟಿಮೀಟರ್ ಇಟ್ಟು 12 ವೋಲ್ಟ್ ಬರುತ್ತಿದೆ ಎಂದು ಬಿಟ್ಟಿದ್ದರಂತೆ. ನಾನು ಇಟ್ಟಾಗಲೂ ನಾಲ್ಕನೇ ಕಾಯಿಲಿನ ಕನೆಕ್ಟರಿನಲ್ಲಿ 12.4, ಐದನೆಯದರಲ್ಲೂ 12.4. ಮೀಟರ್ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಅದು ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು, ಕಾಯಿಲ್ ಎಳೆಯುವುದು ಹಲವಾರು ಆಂಪಿಯರ್. ಕೊಳೆತ ವೈರು ವೋಲ್ಟೇಜ್ ತೋರಿಸುತ್ತದೆ, ಕರೆಂಟ್ ಹೊರಲಾರದು. ಅದಕ್ಕೇ 55 ವಾಟಿನ ಹೆಡ್‌ಲೈಟ್ ಬಲ್ಬಿಗೆ ಎರಡು ತೆಳು ವೈರು ಬೆಸೆದು ಇಟ್ಟುಕೊಂಡಿದ್ದೇನೆ. ಇಗ್ನಿಷನ್ ಆನ್ ಮಾಡಿ, ಕಾಯಿಲ್ ಕನೆಕ್ಟರಿನ 12 ವೋಲ್ಟ್ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ ಹಚ್ಚಬೇಕು. ಕಂಪ್ಯೂಟರಿನಿಂದ ಬರುವ ಸಿಗ್ನಲ್ ಪಿನ್ನಿಗೆ ಮಾತ್ರ ಮುಟ್ಟಿಸಬೇಡಿ, ಕಂಪ್ಯೂಟರ್ ಸುಡುತ್ತದೆ. ವೈರಿಂಗ್ ಚಿತ್ರ ನೋಡಿ ಪಿನ್ ಖಾತ್ರಿ ಮಾಡಿಕೊಂಡೇ ಹಚ್ಚಿ. ನಾಲ್ಕರಲ್ಲಿ ಬೆಳ್ಳಗೆ ಉರಿಯಿತು. ಐದರಲ್ಲಿ ಎಣ್ಣೆ ತೀರಿದ ದೀಪದ ಹಾಗೆ ಹಳದಿ. ಅರ್ತ್ ತುದಿ ತೆಗೆದು ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿದೆ, ಬೆಳ್ಳಗಾಯಿತು. ಅಲ್ಲಿಗೆ ತಪ್ಪು ಅರ್ತ್ ವೈರಿನದ್ದು ಎಂದು ಖಾತ್ರಿ.

ಜರ್ಮನ್ ಗಾಡಿಗಳಲ್ಲಿ ಅರ್ತ್ ವೈರು ಕಂದು ಬಣ್ಣ. ಐದರ ಕಂದು ವೈರಿನ ಹಿಂದೆ ಹೋಗುತ್ತಾ ಟೇಪ್ ಬಿಡಿಸಿದೆ. ಮುಂದಿನ ಗಾಜಿನ ಕೆಳಗಿನ ಕತ್ತಲಲ್ಲಿ ಇಲಿ ಕಡಿದಿತ್ತು. ತೊಗಟೆ ಅರ್ಧ ಇಂಚು ಹೋಗಿ, ಮಲೆನಾಡಿನ ಮಳೆಯ ತೇವ ಕುಡಿದು ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಉಗುರಿನಲ್ಲಿ ಕೆರೆದರೆ ಪುಡಿ. ಬೆಳೆಗಾರರು "ಹೌದು, ಮಿಸ್ಸಿಂಗ್ ಶುರುವಾಗುವ ಮುಂಚೆ ಎರಡು ತಿಂಗಳು ಗಾಡಿ ಶೆಡ್ಡಿನಲ್ಲೇ ನಿಂತಿತ್ತು" ಅಂದರು.

ಎರಡೂ ಕಡೆ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ವೈರು ಸೇರಿಸಿ, ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ಒತ್ತಿ ಬಿಗಿದು), ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆ. ಬರೀ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಮತ್ತೆ ಇದೇ ಕಥೆ. ಬಲ್ಬ್ ಹಚ್ಚಿ ಇನ್ನೊಮ್ಮೆ ನೋಡಿದೆ, ಆರೂ ಒಂದೇ ಬೆಳಕು. ಕೋಡ್ ಅಳಿಸಿ ಬೆಟ್ಟಕ್ಕೆ ಎರಡು ಸಲ ಹತ್ತಿಸಿದೆ, ಐದರ ಮಿಸ್‌ಫೈರ್ ಕೌಂಟರ್ ಸೊನ್ನೆಯಲ್ಲೇ ನಿಂತಿತ್ತು.

ಗೋಣಿಚೀಲದ ಹಳೆಯ ಕಾಯಿಲ್‌ಗಳನ್ನೂ ಒಂದೊಂದಾಗಿ ಅದೇ ಗಾಡಿಗೆ ಹಾಕಿ ಓಡಿಸಿ ನೋಡಿದೆ. ಆರೂ ಚೆನ್ನಾಗಿದ್ದವು. ಎರಡನ್ನು ಡಿಕ್ಕಿಯಲ್ಲಿ ಸ್ಪೇರ್ ಇಟ್ಟುಕೊಳ್ಳಲು ಹೇಳಿ, ಶೆಡ್ಡಿನ ಕಿಂಡಿಗಳಿಗೆ ಜಾಲರಿ ಹೊಡೆಸಿ ಎಂದು ಕಳಿಸಿಕೊಟ್ಟೆ.