ಸೊಂಟದ ಕೀಲಿಗೆ ಇಂಜೆಕ್ಷನ್: ಸೂಜಿಗೆ ಮೊದಲು, ಸೂಜಿಯ ನಂತರ

ಸೊಂಟ ನೋವು ಎಂದು ಬಂದವರಿಗೆ ಮೊದಲು ನೋವಿರುವ ಜಾಗಕ್ಕೆ ಬೆರಳಿಡಲು ಹೇಳುತ್ತೇನೆ. ಬೆರಳು ಬೆನ್ನಿನ ಕೆಳಭಾಗಕ್ಕೋ ಪೃಷ್ಠಕ್ಕೋ ಹೋದರೆ ಬೆನ್ನುಮೂಳೆಯನ್ನು ಮೊದಲು ನೋಡಬೇಕು. ತೊಡೆಯ ಹೊರಬದಿಯ ಮೂಳೆ ಮುಟ್ಟಿ 'ಈ ಮಗ್ಗುಲಲ್ಲಿ ಮಲಗೋಕಾಗಲ್ಲ' ಎಂದರೆ ಬಹುಪಾಲು ಅಲ್ಲಿನ ಸ್ನಾಯುರಜ್ಜುವಿನ ತೊಂದರೆ. ತೊಡೆಸಂದಿಗೆ ಹೋದರೆ ಸೊಂಟದ ಕೀಲಿನ ಮೇಲೆ, ಎಂದರೆ ತೊಡೆಮೂಳೆ ಸೊಂಟಕ್ಕೆ ಸೇರುವ ಕೀಲಿನ ಮೇಲೆ, ಅನುಮಾನ ಬಲವಾಗುತ್ತದೆ. ಮೊಣಕಾಲಿನ ಎಕ್ಸ್-ರೇಗಳ ಕಟ್ಟು ಹಿಡಿದು ಬರುವ ಕೆಲವರದ್ದೂ ಅಸಲಿಗೆ ಸೊಂಟದ ಕೀಲಿನ ನೋವೇ.

ಅಂಗಾತ ಮಲಗಿಸಿ, ಸೊಂಟ ಮತ್ತು ಮೊಣಕಾಲನ್ನು 90 ಡಿಗ್ರಿ ಮಡಿಸಿ, ಪಾದವನ್ನು ನಿಧಾನವಾಗಿ ಹೊರಕ್ಕೆ ಸರಿಸಿದರೆ ಕೀಲು ಒಳಮುಖವಾಗಿ ತಿರುಗುತ್ತದೆ. ಸವೆತದಲ್ಲಿ ಸಾಮಾನ್ಯವಾಗಿ ಮೊದಲು ಕುಗ್ಗುವುದು ಈ ಚಲನೆ. ಎರಡೂ ಕಡೆ ಹೋಲಿಸದೆ ತೀರ್ಮಾನಕ್ಕೆ ಬರುವುದಿಲ್ಲ.

ಎಕ್ಸ್-ರೇಯಲ್ಲಿ ಎರಡೂ ಕೀಲು ಒಂದೇ ಫಿಲ್ಮಿನಲ್ಲಿರಬೇಕು, ಪಾದಗಳು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿರಬೇಕು. ಇಲ್ಲದಿದ್ದರೆ ತೊಡೆಮೂಳೆಯ ಕತ್ತು ಗಿಡ್ಡವಾಗಿ ಕಾಣುತ್ತದೆ. ದೀರ್ಘಕಾಲ ಸ್ಟೆರಾಯ್ಡ್ ತೆಗೆದುಕೊಂಡವರು, ಹೆಚ್ಚು ಕುಡಿಯುವವರು ತೊಡೆಸಂದಿನ ನೋವು ಹೇಳಿದರೆ ಎಕ್ಸ್-ರೇ ಚೆನ್ನಾಗಿದೆ ಎಂದು ಕಳಿಸಬಾರದು. ರಕ್ತ ಪೂರೈಕೆ ನಿಂತು ಮೂಳೆ ಸಾಯುವ ಎವಿಎನ್ ಆರಂಭದಲ್ಲಿ ಎಂಆರ್‌ಐನಲ್ಲಷ್ಟೇ ಸಿಗುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಕಿರಿಯ ವಯಸ್ಸಿನವರಲ್ಲಿ ಎರಡೂ ಕೀಲು ಕೆಟ್ಟಿದ್ದರೆ ಮನೆಯವರಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳುತ್ತೇನೆ. ಆ ಭಾಗದಲ್ಲಿ ಕಾಣುವ, ಕೀಲುಗಳನ್ನು ಕೆಡಿಸುವ ಹಂದಿಗೋಡು ಕಾಯಿಲೆ ವಂಶಪಾರಂಪರ್ಯವಾಗಿ ಬರುತ್ತದೆ.

ಸೊಂಟದಲ್ಲೂ ಬೆನ್ನಿನಲ್ಲೂ ಸವೆತ ಕಂಡು, ನೋವು ಯಾವುದರದ್ದೆಂದು ಬಗೆಹರಿಯದಿದ್ದಾಗ, ಕೀಲನ್ನು ಮರಗಟ್ಟಿಸಿದರೆ ನೋವು ಇಳಿಯುತ್ತದೆಯೇ ಎಂದು ಪರೀಕ್ಷಿಸಲು ಇಂಜೆಕ್ಷನ್ ಕೊಡುತ್ತೇನೆ. ಅಂದಾಜಿನ ಮೇಲೆ ಚುಚ್ಚುವ ಕೀಲಲ್ಲ ಇದು, ಅಲ್ಟ್ರಾಸೌಂಡ್ ಇರಲೇಬೇಕು. ಅಲ್ಟ್ರಾಸೌಂಡಿನ ಬಾಗಿದ ಮುಖದ ಪ್ರೋಬನ್ನು (ಚರ್ಮದ ಮೇಲಿಡುವ ಹಿಡಿಕೆ) ತೊಡೆಮೂಳೆಯ ಕತ್ತಿನ ಉದ್ದಕ್ಕೂ ಓರೆಯಾಗಿಟ್ಟರೆ ಮೂಳೆಯ ತಲೆ ಮತ್ತು ಕತ್ತು ಸೇರುವ ತಗ್ಗು ಕಾಣುತ್ತದೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿ ಸೂಜಿಯ ದಾರಿಯಲ್ಲಿ ರಕ್ತನಾಳವಿಲ್ಲವೆಂದು ಖಚಿತಪಡಿಸಿಕೊಳ್ಳುತ್ತೇನೆ. ಚರ್ಮ ಶುಚಿಗೊಳಿಸಿ, ಮರಗಟ್ಟಿಸಿ, 22 ಗೇಜಿನ ಸುಮಾರು 9 ಸೆಂಟಿಮೀಟರ್ ಉದ್ದದ ಸ್ಪೈನಲ್ ಸೂಜಿಯನ್ನು ಪ್ರೋಬಿನ ಕೆಳತುದಿಯ ಹೊರಬದಿಯಿಂದ ಆ ತಗ್ಗಿನ ಕಡೆಗೆ ಇಳಿಸುತ್ತೇನೆ. ಸೂಜಿ ಮೂಳೆಗೆ ತಾಗಿದ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ. ಔಷಧ: ಮರಗಟ್ಟಿಸಲು 1% ಲಿಗ್ನೊಕೇನ್ 5 ಎಂಎಲ್, ಜೊತೆಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೆರಾಯ್ಡ್ 40 ಮಿಲಿಗ್ರಾಂ. ಮರಗಟ್ಟಿಸುವ ಇನ್ನೊಂದು ಔಷಧ ಬುಪಿವಕೇನ್ ಬಳಸುವುದಿಲ್ಲ, ಮೃದ್ವಸ್ಥಿಗೆ ಅದು ಹಾನಿ ಮಾಡಬಹುದು.

ಕೆಡುವುದು ಹೆಚ್ಚಾಗಿ ಕೊನೆಯ ಅರ್ಧ ಸೆಂಟಿಮೀಟರಿನಲ್ಲಿ. ಸಿರಿಂಜು ಬಿಗಿಯಾಗಿ ತಡೆದರೆ ತುದಿ ಕೀಲಿನ ಕೋಶದ (ಕೀಲನ್ನು ಸುತ್ತಿರುವ ಚೀಲ) ಪದರದಲ್ಲೋ ಮೂಳೆಗೆ ಒತ್ತಿಕೊಂಡೋ ಇದೆ. ಸ್ವಲ್ಪ ತಿರುಗಿಸಿ ಮತ್ತೆ ನೋಡಬೇಕು. ಒಳಗೆ ಬಿದ್ದ ಔಷಧ ಕೋಶವನ್ನು ಮೇಲೆತ್ತಿ ಕತ್ತಿನುದ್ದಕ್ಕೂ ಹರಿಯುತ್ತದೆ. ಒಂದೇ ಕಡೆ ಗುಳ್ಳೆಯಂತೆ ನಿಂತರೆ ಅದು ಸ್ನಾಯುವಿನಲ್ಲಿದೆ, ಅಲ್ಲಿಗೆ ಪರೀಕ್ಷೆ ಲೆಕ್ಕಕ್ಕಿಲ್ಲ. ದಪ್ಪ ಮೈಯವರಲ್ಲಿ ಸೂಜಿ ಕಡಿದಾಗಿ ಇಳಿಯುವುದರಿಂದ ತೆರೆಯಲ್ಲಿ ಮಸುಕಾಗುತ್ತದೆ. ಚುಚ್ಚುವ ಜಾಗವನ್ನು ಪ್ರೋಬಿನಿಂದ ದೂರ ಸರಿಸಿದರೆ ಓರೆ ಸಿಗುತ್ತದೆ, ಆಗ ಇನ್ನೂ ಉದ್ದದ ಸೂಜಿ ಬೇಕಾಗಬಹುದು.

ನನ್ನ ಲೆಕ್ಕದಲ್ಲಿ ಇಂಜೆಕ್ಷನ್ನಿಗಿಂತ ಬೆಲೆಯುಳ್ಳದ್ದು ಅದರ ನಂತರದ 20 ನಿಮಿಷ. ರೋಗಿಯನ್ನು ಮನೆಗೆ ಕಳಿಸದೆ, ಯಾವುದು ನೋಯುತ್ತಿತ್ತೋ ಅದನ್ನೇ ಮಾಡಿಸುತ್ತೇನೆ: ಮೆಟ್ಟಿಲು, ಚಕ್ಕಳಮಕ್ಕಳ ಕೂರುವುದು, ಚಪ್ಪಲಿ ಹಾಕಿಕೊಳ್ಳುವುದು. ಅದಕ್ಕೂ ಮೊದಲು ಕಾಲಿಗೆ ಬಲವಿದೆಯೇ ನೋಡಬೇಕು. ಔಷಧ ಹೊರಸೋರಿ ತೊಡೆಯ ಮುಂಭಾಗದ ಫೆಮೋರಲ್ ನರ ಮರಗಟ್ಟಿದ್ದರೆ ಮೊಣಕಾಲು ಕುಸಿದು ಬೀಳುತ್ತಾರೆ. ಅರ್ಧಕ್ಕಿಂತ ಹೆಚ್ಚು ನೋವು ಇಳಿದರೆ ಕೀಲೇ ಮೂಲವೆಂದು ಬರೆದುಕೊಳ್ಳುತ್ತೇನೆ. ಔಷಧ ಸರಿಯಾದ ಜಾಗಕ್ಕೆ ಬಿದ್ದೂ ಏನೂ ಇಳಿಯದಿದ್ದರೆ ಬೆನ್ನಿನ ಕಡೆ ತಿರುಗಬೇಕು.

ಮರಗಟ್ಟಿಸುವ ಔಷಧದ ಪ್ರಭಾವ ಕೆಲವೇ ಗಂಟೆ, ಸ್ಟೆರಾಯ್ಡ್ ಹಿಡಿಯಲು ಕೆಲವು ದಿನ ಬೇಕು. ನಡುವೆ ನೋವು ಮರಳುತ್ತದೆಂದು ಮೊದಲೇ ಹೇಳದಿದ್ದರೆ ರಾತ್ರಿ ಫೋನ್ ಬರುತ್ತದೆ. ಮಧುಮೇಹಿಗಳಲ್ಲಿ ಸಕ್ಕರೆ ಕೆಲವು ದಿನ ಏರುತ್ತದೆ, ಮನೆಯಲ್ಲೇ ಅಳೆಯುತ್ತಿರಬೇಕು. ಜ್ವರ, ಕಾಲು ಕದಲಿಸಲಾಗದಷ್ಟು ನೋವು ಬಂದರೆ ಅದೇ ದಿನ ಬರಬೇಕು, ಕೀಲಿನಲ್ಲಿ ಕೀವು ಆಗಿರಬಹುದು. ಕೀಲು ಬದಲಿ ಶಸ್ತ್ರಚಿಕಿತ್ಸೆ ಮುಂದಿನ 3 ತಿಂಗಳೊಳಗೆ ನಿಗದಿಯಾಗಿದ್ದರೆ ಸ್ಟೆರಾಯ್ಡ್ ಕೊಡುವುದಿಲ್ಲ, ಸೋಂಕಿನ ಅಪಾಯ ಹೆಚ್ಚು. ಅಂಥವರಿಗೆ ಬರೀ ಲಿಗ್ನೊಕೇನ್ ಹಾಕುವ ಮುನ್ನವೂ ಶಸ್ತ್ರಚಿಕಿತ್ಸಕರನ್ನು ಕೇಳುತ್ತೇನೆ.