ಬಸುರಿನಲ್ಲಿ ಸಯಾಟಿಕಾ: ಹಾಸಿಗೆ, ಅಡುಗೆಮನೆ, ಓಡಾಟದಲ್ಲಿ ನಾನು ಮಾಡಿಕೊಂಡ ಬದಲಾವಣೆಗಳು

ಬಸುರಿನ ಆರೇಳನೇ ತಿಂಗಳಲ್ಲಿ ಸೊಂಟದ ಒಂದು ಬದಿಯಿಂದ ಕಾಲಿಗೆ ಇಳಿಯುವ ನೋವಿಗೆಲ್ಲ ನಾವು ಸಯಾಟಿಕಾ ಎಂದೇ ಹೆಸರಿಡುತ್ತೇವೆ. ಅದರಲ್ಲಿ ಬಹುಪಾಲು ನಿಜವಾದ ಸಯಾಟಿಕಾ, ಅಂದರೆ ಕಾಲಿಗಿಳಿಯುವ ಸಯಾಟಿಕ್ ನರದ ನೋವು, ಅಲ್ಲ. ಬೆನ್ನುಮೂಳೆಯ ತಳ ಮತ್ತು ಸೊಂಟದ ಎಲುಬು ಕೂಡುವ ಕೀಲು, ಅಂದರೆ ಸ್ಯಾಕ್ರೋ-ಇಲಿಯಾಕ್ ಕೀಲು, ಸಡಿಲವಾಗಿ ಕೆರಳಿದ ನೋವು ಅದು. ಬಸುರಿಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ಕೀಲಿನ ನೋವು ಬರುತ್ತದೆ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ನರ ಒತ್ತಿಹೋಗುವುದು ಅಪರೂಪ. ಎರಡನ್ನೂ ಮೊದಲೇ ಬೇರ್ಪಡಿಸಿಕೊಳ್ಳದಿದ್ದರೆ ಉಪಚಾರವೇ ತಿರುಗಿಬೀಳುತ್ತದೆ, ಏಕೆಂದರೆ ನರಕ್ಕೆ ಹಿತವಾದ ಕೆಲವು ವ್ಯಾಯಾಮ ಕೀಲಿಗೆ ಆಗಿಬರುವುದಿಲ್ಲ. ಹಾಗಾಗಿ ನಾನು ವ್ಯಾಯಾಮ ಶುರುಮಾಡುವ ಮೊದಲು ನೋವು ಹಿಡಿದ ದಾರಿಯನ್ನು ಗಮನಿಸಿದೆ. ನನ್ನ ಬಳಿ ಬರುವ ಬಸುರಿಯರಿಗೂ ಮೊದಲು ಹೇಳುವುದು ಇದನ್ನೇ.

ಸಯಾಟಿಕ್ ನರ ದೇಹದಲ್ಲೇ ಅತಿ ದಪ್ಪ ನರ. ಬೆನ್ನುಹುರಿಯ ಕೆಳಭಾಗದ, ಎಲ್4ರಿಂದ ಎಸ್3 ಎಂದು ಗುರುತಿಸುವ ನರದ ಬೇರುಗಳು ಸೇರಿ ಅದು ರೂಪುಗೊಳ್ಳುತ್ತದೆ. ಕುಂಡಿಯೊಳಗಿನ ಪಿರಿಫಾರ್ಮಿಸ್ ಎಂಬ ಸ್ನಾಯುವಿನ ಅಡಿಯಿಂದ ಹೊರಬಂದು, ತೊಡೆಯ ಹಿಂಬದಿಯಲ್ಲಿ ಇಳಿದು, ಮೊಣಕಾಲಿನ ಹಿಂದೆ ಕವಲೊಡೆಯುತ್ತದೆ. ನೋವು ಈ ನರದ್ದೇ ಆಗಿದ್ದರೆ ಸಾಮಾನ್ಯವಾಗಿ ಮೊಣಕಾಲು ದಾಟಿ ಮೀನಖಂಡ, ಪಾದದವರೆಗೂ ಇಳಿಯುತ್ತದೆ. ಕರೆಂಟ್ ಹೊಡೆದಂಥ ಚಳುಕು, ಜುಮ್ಮು, ಉರಿ ಇರುತ್ತದೆ. ಕೆಮ್ಮಿದಾಗ, ಸೀನಿದಾಗ, ಮುಕ್ಕಿದಾಗ ಹೆಚ್ಚಾದರೆ ಡಿಸ್ಕ್ ಕಡೆಗೆ ಅನುಮಾನ ಹೋಗಬೇಕು. ಕೀಲಿನ ನೋವು ಹಾಗಲ್ಲ. ಸೊಂಟದ ಹಿಂದೆ ಗುಳಿ ಬೀಳುವ ಜಾಗದಲ್ಲೇ ಅದರ ಮೂಲ. ಕುಂಡಿಗೆ, ತೊಡೆಗೆ ಹರಡಿದರೂ ಬಹುತೇಕ ಮೊಣಕಾಲಿನ ಮೇಲೆಯೇ ನಿಲ್ಲುತ್ತದೆ. ಮಗ್ಗುಲು ಬದಲಿಸುವಾಗ, ಒಂಟಿಕಾಲಲ್ಲಿ ನಿಂತು ಚೂಡಿದಾರದ ಪ್ಯಾಂಟ್ ಹಾಕುವಾಗ, ಮೆಟ್ಟಿಲು ಹತ್ತುವಾಗ, ಆಟೋದಿಂದ ಇಳಿಯುವಾಗ ಕೀಲು ಹಿಡಿದುಕೊಳ್ಳುತ್ತದೆ. ತೊಡೆಯ ಹೊರಬದಿಯ ಚರ್ಮ ಮಾತ್ರ ಮರಗಟ್ಟಿ ಉರಿಯುವುದು ಮೂರನೆಯದೇ ಬಗೆ. ಅಲ್ಲಿ ಒತ್ತಿಹೋಗುವುದು ತೊಡೆಸಂದಿನ ಬಳಿ ಹಾದುಹೋಗುವ ಬೇರೊಂದು ನರ. ಲಂಗದ ಲಾಡಿ, ಬಿಗಿ ಎಲಾಸ್ಟಿಕ್ ಸಡಿಲಿಸಿದರೆ ಎಷ್ಟೋ ಸಲ ಅದು ಇಳಿಯುತ್ತದೆ.

ಕೆಲವು ಲಕ್ಷಣಗಳಿಗೆ ಮನೆಮದ್ದು ಸಲ್ಲದು. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ಕುಳಿತಾಗ ನೆಲಕ್ಕೆ ತಾಗುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ನೆಲಕ್ಕೆ ಉಜ್ಜತೊಡಗಿದರೆ, ಎರಡೂ ಕಾಲು ಸೋಲುತ್ತಿದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ತಿಕ್ಕಲೇಬಾರದು. 37 ವಾರ ತುಂಬುವ ಮೊದಲೇ ಸೊಂಟನೋವು ಅಲೆಯಂತೆ ಬಂದು ಬಿಟ್ಟು ಮತ್ತೆ ಬರುತ್ತಿದ್ದರೆ ಅದು ಅವಧಿಗೆ ಮುಂಚಿನ ಹೆರಿಗೆ ನೋವಾಗಿರಬಹುದು. ಜ್ವರ, ಉರಿಮೂತ್ರ ಜೊತೆಗಿದ್ದರೆ ಮೂತ್ರಪಿಂಡದ ಸೋಂಕನ್ನೂ ನೋಡಿಸಬೇಕು.

ಹಾಸಿಗೆಯಲ್ಲಿ

ನೋವು ಅತಿ ಹೆಚ್ಚು ಕೆರಳುವುದು ರಾತ್ರಿ, ಅದರಲ್ಲೂ ಮಗ್ಗುಲು ಬದಲಿಸುವ ಆ ಒಂದು ಗಳಿಗೆಯಲ್ಲಿ. ನನಗೆ ಅತಿ ಹೆಚ್ಚು ಫಲ ಕೊಟ್ಟಿದ್ದೂ ಅದನ್ನು ಸರಿಪಡಿಸಿಕೊಂಡಿದ್ದೇ.

28 ವಾರ ದಾಟಿದ ಮೇಲೆ ಮಗ್ಗುಲಾಗಿಯೇ ಮಲಗಬೇಕು ಎಂಬುದು ಎಲ್ಲರಿಗೂ ಗೊತ್ತು. ಎಡಮಗ್ಗುಲೇ ಆಗಬೇಕು ಎಂದು ಮನೆಯವರು ಹಟ ಹಿಡಿದರೆ, ಎಡಗಡೆಯೇ ನೋವಿರುವವಳು ರಾತ್ರಿಯಿಡೀ ನರಳುತ್ತಾಳೆ. ಬಲಮಗ್ಗುಲೂ ಸರಿಯೇ. ನೋವಿರುವ ಬದಿ ಮೇಲೆ ಬರುವಂತೆ ಮಲಗುವುದು ಹೆಚ್ಚಿನವರಿಗೆ ಹಿತ. ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳುವಾಗ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ: ದಿಂಬು ಮಂಡಿಗೆ ಮಾತ್ರ ಸಿಕ್ಕು ಪಾದ ಕೆಳಗೆ ಜೋತುಬೀಳುತ್ತದೆ. ಆಗ ಮೇಲಿನ ತೊಡೆ ತಿರುಗಿ, ಪಿರಿಫಾರ್ಮಿಸ್ ಬಿಗಿದು, ಕೀಲೂ ತಿರುಚುತ್ತದೆ. ದಿಂಬು ಮಂಡಿಯಿಂದ ಹಿಮ್ಮಡಿಯವರೆಗೂ ಇರಬೇಕು, ಮೇಲಿನ ಕಾಲು ಹಾಸಿಗೆಗೆ ಸಮಾನಾಂತರವಾಗಿರಬೇಕು. ಮೆತ್ತನೆಯ ಹತ್ತಿ ದಿಂಬು ಮಧ್ಯರಾತ್ರಿಯ ಹೊತ್ತಿಗೆ ಚಪ್ಪಟೆಯಾಗುತ್ತದೆ. ಹಳೆಯ ಕೌದಿಯನ್ನು ಗಟ್ಟಿಯಾಗಿ ಸುತ್ತಿ ಎರಡು ಕಡೆ ದಾರ ಕಟ್ಟಿಕೊಂಡರೆ ಅಂಗಡಿಯ ದುಬಾರಿ ದಿಂಬಿಗಿಂತ ಚೆನ್ನಾಗಿ ನಿಲ್ಲುತ್ತದೆ. ಹೊಟ್ಟೆಯಡಿ ಒಂದು ಮಡಿಚಿದ ಟವೆಲ್ ತೂರಿಸಿದರೆ ಹೊಟ್ಟೆಯ ಭಾರ ಸೊಂಟವನ್ನು ಜಗ್ಗುವುದಿಲ್ಲ.

ಮಗ್ಗುಲು ಬದಲಿಸುವುದು ಹೀಗೆ: ಮೊದಲು ಎರಡೂ ಮಂಡಿ ಮಡಚಿ ಒಂದಕ್ಕೊಂದು ಒತ್ತಿಹಿಡಿಯಬೇಕು, ನಡುವೆ ದಿಂಬಿದ್ದರೆ ಇನ್ನೂ ಒಳ್ಳೆಯದು. ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಬೇಕು. ಆಮೇಲೆ ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ಮರದ ದಿಮ್ಮಿ ಉರುಳಿದ ಹಾಗೆ ತಿರುಗಬೇಕು. ಮೊದಲು ಒಂದು ಕಾಲನ್ನು ಆಚೆ ಹಾಕಿ, ಆಮೇಲೆ ಸೊಂಟವನ್ನು ಎಳೆದುಕೊಳ್ಳುವ ಅಭ್ಯಾಸವೇ ಕೀಲನ್ನು ಚುಚ್ಚುವುದು. ಒರಟು ಹತ್ತಿ ಬೆಡ್‌ಶೀಟ್ ಮೇಲೆ ನೈಟಿ ಸಿಕ್ಕಿಹಾಕಿಕೊಳ್ಳುತ್ತದೆ. ಸೊಂಟದಡಿ ನುಣುಪಾದ ಬಟ್ಟೆ, ಉದಾಹರಣೆಗೆ ಹಳೆಯ ಸ್ಯಾಟಿನ್ ತುಂಡು ಹಾಸಿದರೆ ಜಾರಿಕೊಂಡು ತಿರುಗಬಹುದು. ಏಳುವಾಗ ನೇರ ಎದ್ದು ಕೂರದೆ, ಮಗ್ಗುಲಾಗಿ, ಎರಡೂ ಕಾಲನ್ನು ಒಟ್ಟಿಗೆ ಮಂಚದಿಂದ ಕೆಳಗಿಳಿಸುತ್ತಾ ಕೈಯೂರಿ ಮೇಲೇಳಬೇಕು. ನೆಲದ ಚಾಪೆಯಿಂದ ಏಳುವುದು ಕಷ್ಟವಾಗುವವರು ಕೊನೆಯ ಮೂರು ತಿಂಗಳಾದರೂ ಮಂಚಕ್ಕೆ ಹೋಗಲಿ.

ಅಡುಗೆಮನೆ, ಬಚ್ಚಲು, ರಸ್ತೆ

ಒಂದೇ ಕಡೆ ಅರ್ಧಗಂಟೆಗಿಂತ ಹೆಚ್ಚು ಕೂರಬಾರದು, ಹಾಗೆಯೇ ನಿಲ್ಲಲೂಬಾರದು. ಕುರ್ಚಿಯಲ್ಲಿ ಸೊಂಟದ ಬಾಗಿನಲ್ಲಿ ಸುತ್ತಿದ ಟವೆಲ್ ಇಟ್ಟು, ಮಂಡಿ ಸೊಂಟಕ್ಕಿಂತ ಚೂರು ಕೆಳಗಿರುವಂತೆ ಕೂತರೆ ನರಕ್ಕೆ ಆರಾಮ. ತಗ್ಗಾದ ಸೋಫಾದಲ್ಲಿ ಹುದುಗಿ ಕೂರುವುದು, ಕಾಲ ಮೇಲೆ ಕಾಲು ಹಾಕುವುದು ಎರಡೂ ಬೇಡ.

ಒಲೆಯ ಮುಂದೆ ನಿಲ್ಲುವ ಬಗೆಯಲ್ಲಿ ನರದ ನೋವಿಗೂ ಕೀಲಿನ ನೋವಿಗೂ ವ್ಯತ್ಯಾಸವಿದೆ. ನರದ ನೋವಾದರೆ ಹತ್ತು ಹದಿನೈದು ಸೆಂಟಿಮೀಟರ್ ಎತ್ತರದ ಮಣೆಯ ಮೇಲೆ ಒಂದು ಪಾದ ಇಟ್ಟು, ಕೆಲವು ನಿಮಿಷಕ್ಕೊಮ್ಮೆ ಕಾಲು ಬದಲಿಸುವುದು ಹಿತ. ಕೀಲಿನ ನೋವಿನವರಿಗೆ ಇದೇ ಉಪಾಯ ಕೈಕೊಡಬಹುದು, ಏಕೆಂದರೆ ಒಂದು ಕಾಲಿಗೆ ಭಾರ ಬಿದ್ದಾಗ ಕೀಲು ಓರೆಯಾಗುತ್ತದೆ. ಅವರು ಎರಡೂ ಪಾದ ಸಮವಾಗಿ ಊರಿ ನಿಲ್ಲುವುದು, ತರಕಾರಿ ಹೆಚ್ಚುವುದನ್ನು, ಚಪಾತಿ ಲಟ್ಟಿಸುವುದನ್ನು ಎತ್ತರದ ಸ್ಟೂಲಿನಲ್ಲಿ ಕೂತು ಮಾಡುವುದು ಲೇಸು. ಈಳಿಗೆಮಣೆಯ ಮುಂದೆ ಒಂದು ಕಾಲು ಮಡಚಿ ಕೂರುವುದಂತೂ ಇಬ್ಬರಿಗೂ ಬೇಡ. ಗಿಡ್ಡ ಪೊರಕೆ ಹಿಡಿದು ಬಗ್ಗಿ ಗುಡಿಸುವುದನ್ನು ಬಿಟ್ಟು ಉದ್ದ ಹಿಡಿಯ ಪೊರಕೆ, ಮಾಪ್ ಬಳಸಬೇಕು. ಕೊಡವನ್ನು, ಮೊದಲ ಮಗುವನ್ನು ಒಂದೇ ಸೊಂಟಕ್ಕೆ ಏರಿಸಿಕೊಳ್ಳುವುದು ನೋವನ್ನು ಅದೇ ಬದಿಗೆ ನೆಲೆಗೊಳಿಸುವ ಕೆಲಸ. ನೀರನ್ನು ಚಿಕ್ಕ ಪಾತ್ರೆಗಳಲ್ಲಿ ಎರಡೂ ಕೈಗೆ ಸಮಭಾರ ಹಂಚಿ ಒಯ್ಯಬಹುದು. ಮಗುವಿಗಾದರೆ ನಾವೇ ಕೂತು, ಅದೇ ಮಡಿಲಿಗೆ ಹತ್ತಿಕೊಳ್ಳುವಂತೆ ಮಾಡಬೇಕು.

ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಿದರೆ ಹೆರಿಗೆ ಸಲೀಸು ಎಂದು ಹಿರಿಯರು ಹೇಳುತ್ತಾರೆ. ನೋವಿಲ್ಲದವರಿಗೆ ಅದು ಒಳ್ಳೆಯ ಅಭ್ಯಾಸವೇ. ಹಿಂದಿನ ಕೀಲು ಅಥವಾ ಮುಂದೆ ಕೆಳಹೊಟ್ಟೆಯ ತಳದಲ್ಲಿರುವ ಎಲುಬಿನ ಕೂಡು ನೋಯುತ್ತಿದ್ದರೆ ಮಾತ್ರ ನಿಲ್ಲಿಸಬೇಕು. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಮೆಡಿಕಲ್ ಸಲಕರಣೆಗಳ ಅಂಗಡಿಯಲ್ಲಿ ಸಿಗುವ ಕಮೋಡ್ ಕುರ್ಚಿಯನ್ನು ಪಾಯಿಖಾನೆಯ ಮೇಲೆ ಇಟ್ಟುಕೊಳ್ಳಬಹುದು. ಮಲಬದ್ಧತೆಯನ್ನು ಇಲ್ಲಿಯೇ ನೋಡಿಕೊಳ್ಳಬೇಕು. ಕಬ್ಬಿಣಾಂಶದ ಮಾತ್ರೆ ಹೊಟ್ಟೆ ಕಟ್ಟಿಸುತ್ತದೆ, ಮುಕ್ಕಿದಾಗ ನರದ ನೋವು ಚಿಮ್ಮುತ್ತದೆ. ಮಾತ್ರೆ ಬಿಡಬಾರದು. ನೀರು, ಸೊಪ್ಪು, ಸಿಪ್ಪೆ ತೆಗೆಯದ ಬೇಳೆಕಾಳು ಹೆಚ್ಚಿಸಿ, ಆದರೂ ಆಗದಿದ್ದರೆ ಮಾತ್ರೆ ಬದಲಿಸಿಕೊಡಲು ಡಾಕ್ಟರಿಗೆ ಹೇಳಬೇಕು.

ಮೆಟ್ಟಿಲು ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕಾರಿನಲ್ಲಿ ಮೊದಲು ಸೀಟಿಗೆ ಬೆನ್ನು ಮಾಡಿ ಕೂತು, ಆಮೇಲೆ ಎರಡೂ ಮಂಡಿ ಸೇರಿಸಿ ಒಳಗೆ ತಿರುಗಬೇಕು. ಸೀಟಿನ ಮೇಲೊಂದು ಪ್ಲಾಸ್ಟಿಕ್ ಕವರ್ ಇದ್ದರೆ ತಿರುಗುವುದು ಸುಲಭ, ಗಾಡಿ ಹೊರಡುವ ಮುಂಚೆ ಅದನ್ನು ತೆಗೆದುಬಿಡಬೇಕು. ಸೀರೆಯುಟ್ಟು ಸ್ಕೂಟರಿನಲ್ಲಿ ಒಂದೇ ಬದಿಗೆ ಕಾಲು ಹಾಕಿ ಕೂರುವುದನ್ನು ಬಿಡಲೇಬೇಕು. ಬಸ್ಸಿನಲ್ಲಿ ಹಿಂದಿನ ಚಕ್ರದಾಚೆಯ ಸೀಟುಗಳು ಹೆಚ್ಚು ಎತ್ತಿಹಾಕುತ್ತವೆ, ನಡುವಿನ ಸೀಟು ಕೇಳಿ ಪಡೆಯಿರಿ.

ವ್ಯಾಯಾಮ, ಶಾಖ, ಬೆಲ್ಟ್, ಮಾತ್ರೆ

ಮೊದಲನೆಯದು ಅಂಬೆಗಾಲಿನ ಭಂಗಿ. ಮಣಿಕಟ್ಟು ಭುಜದ ನೇರಕ್ಕೆ, ಮಂಡಿ ಸೊಂಟದ ನೇರಕ್ಕೆ. ಉಸಿರು ಬಿಡುತ್ತಾ ಬೆನ್ನನ್ನು ಬೆಕ್ಕಿನಂತೆ ಮೇಲೆತ್ತಿ, ಮತ್ತೆ ಸಮಕ್ಕೆ ತಂದು ನಿಲ್ಲಿಸಬೇಕು. ಸಮಕ್ಕಿಂತ ಕೆಳಗೆ ಹೊಟ್ಟೆ ಜೋತುಬೀಳಲು ಬಿಡಬಾರದು. ಎಂಟು ಹತ್ತು ಸಲ ಸಾಕು. ಎರಡನೆಯದು ಗೋಡೆಗೆ ಒರಗಿ, ಹಿಮ್ಮಡಿಯನ್ನು ಗೋಡೆಯಿಂದ ಗೇಣಿನಷ್ಟು ಮುಂದಿಟ್ಟು, ಸೊಂಟದ ಹಿಂದಿನ ಸಂದು ಮುಚ್ಚುವಂತೆ ಒತ್ತಿ ಐದು ಸೆಕೆಂಡ್ ಹಿಡಿದು ಬಿಡುವುದು. ಇದನ್ನು ಹತ್ತು ಸಲ. ಇವೆರಡೂ ನರಕ್ಕೂ ಕೀಲಿಗೂ ನಡೆಯುತ್ತವೆ.

ಇನ್ನು ಮುಂದೆ ದಾರಿ ಕವಲಾಗುತ್ತದೆ. ನರ ಅಥವಾ ಪಿರಿಫಾರ್ಮಿಸ್ ನೋವಾದರೆ ಕುರ್ಚಿಯಲ್ಲಿ ಕೂತು, ನೋವಿನ ಕಾಲಿನ ಹರಡನ್ನು, ಅಂದರೆ ಪಾದದ ಗಂಟನ್ನು, ಇನ್ನೊಂದು ಮಂಡಿಯ ಮೇಲಿಟ್ಟು, ಬೆನ್ನು ನೇರವಾಗಿಟ್ಟೇ ಮುಂದಕ್ಕೆ ಬಾಗಬೇಕು. ಕುಂಡಿಯೊಳಗೆ ಹಿತವಾದ ಎಳೆತ ಸಿಕ್ಕಲ್ಲಿ ಇಪ್ಪತ್ತರಿಂದ ಮೂವತ್ತು ಸೆಕೆಂಡ್ ನಿಂತು, ಎರಡು ಮೂರು ಸಲ ಮಾಡಬಹುದು. ನರ ಜಾರಿಸುವ ವ್ಯಾಯಾಮವೂ ಕೂತೇ ಮಾಡುವಂಥದ್ದು: ಮಂಡಿ ಬಿಡಿಸುವಾಗ ತಲೆ ಮೇಲೆತ್ತಬೇಕು, ಮಂಡಿ ಮಡಚುವಾಗ ತಲೆ ಬಗ್ಗಿಸಬೇಕು. ತಾಳಬದ್ಧವಾಗಿ ಹತ್ತು ಸಲ, ತುದಿಯಲ್ಲಿ ಹಿಡಿದು ನಿಲ್ಲದೆ. ಕೆರಳಿದ ನರವನ್ನು ಬಲವಾಗಿ ಎಳೆದು ಹಿಡಿದರೆ ಜುಮ್ಮು ಗಂಟೆಗಟ್ಟಲೆ ಉಳಿಯುತ್ತದೆ. ಜುಮ್ಮು ಹೆಚ್ಚಾದರೆ ಬಿಡಿಸುವ ಅಳತೆಯನ್ನು ಅರ್ಧಕ್ಕೆ ಇಳಿಸಬೇಕು. ಕೀಲಿನ ನೋವಿನವರು ಹರಡನ್ನು ಮಂಡಿ ಮೇಲಿಡುವ ವ್ಯಾಯಾಮ ಬಿಟ್ಟು, ಮಂಡಿಗಳ ನಡುವೆ ದಿಂಬು ಇಟ್ಟು ಐದು ಸೆಕೆಂಡ್ ಮೆಲ್ಲಗೆ ಒತ್ತುವುದನ್ನು ಹತ್ತು ಸಲ ಮಾಡಿ ನೋಡಲಿ. ಮುಂದಿನ ಎಲುಬಿನ ಕೂಡಿನಲ್ಲಿ ನೋವೆದ್ದರೆ ಅದನ್ನೂ ನಿಲ್ಲಿಸಬೇಕು. ಐದಾರು ತಿಂಗಳು ದಾಟಿದ ಮೇಲೆ ಅಂಗಾತ ಮಲಗಿ ಮಾಡುವ ವ್ಯಾಯಾಮಗಳನ್ನು ಕಡಿಮೆ ಮಾಡಬೇಕು, ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆಸುತ್ತು ಬರುತ್ತದೆ. ನಡಿಗೆಯನ್ನು ಒಂದೇ ಸಲ ಒಂದು ಗಂಟೆ ಮಾಡುವುದಕ್ಕಿಂತ ಹತ್ತು ಹದಿನೈದು ನಿಮಿಷದಂತೆ ಎರಡು ಮೂರು ಸಲ ಮಾಡುವುದು ಮೇಲು.

ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಕುಂಡಿಗೆ, ಸೊಂಟಕ್ಕೆ ಹದಿನೈದು ನಿಮಿಷ ಇಡಬಹುದು, ಹೊಟ್ಟೆಯ ಮೇಲೆ ಬೇಡ. ಮರಗಟ್ಟಿದ ಜಾಗಕ್ಕೆ ಬಿಸಿ ಗೊತ್ತಾಗುವುದಿಲ್ಲ, ಬೊಬ್ಬೆ ಏಳುತ್ತದೆ. ಅಲ್ಲಿಗೆ ಶಾಖ ಕೊಡಲೇಬಾರದು. ಎಣ್ಣೆ ಹಚ್ಚಿ ಮೃದುವಾಗಿ ನೀವಬಹುದು. ಮಗುವನ್ನು ಬೆನ್ನ ಮೇಲೆ ನಡೆಸುವುದು, ನಾಟಿ ಉಳುಕು ತೆಗೆಸುವುದು ಈ ಕಾಲಕ್ಕಲ್ಲ.

ಬೆಲ್ಟ್ ಕಟ್ಟುವ ಎತ್ತರ ತಪ್ಪಿದರೆ ದುಡ್ಡು ದಂಡ. ಸೊಂಟದ ಬೆಲ್ಟ್ ಹೊಟ್ಟೆಯ ನಡುವೆ ಅಲ್ಲ, ಕೆಳಗೆ ಇರಬೇಕು. ತೊಡೆಯ ಮೇಲ್ತುದಿಯಲ್ಲಿ ಹೊರಬದಿಗೆ ಕೈಗೆ ಸಿಗುವ ಗಟ್ಟಿ ಉಬ್ಬಿನ ಸ್ವಲ್ಪ ಮೇಲೆ ಅದು ಸುತ್ತಿ ಬರಬೇಕು, ಒಳಗೆ ಎರಡು ಬೆರಳು ತೂರಬೇಕು. ನಡೆಯುವಾಗ, ಕೆಲಸ ಮಾಡುವಾಗ ಎರಡು ಮೂರು ಗಂಟೆ ಹಾಕಿ, ಕೂತಾಗ, ಮಲಗಿದಾಗ ತೆಗೆಯಬೇಕು. ಹಾಕಿದ ಕೂಡಲೇ ಸೊಂಟದ ಬದಿಯ ನೋವು ಇಳಿದರೆ ಅದು ಕೀಲಿನದೇ ಎಂಬುದಕ್ಕೆ ಒಂದು ಸುಳಿವೂ ಹೌದು.

ಮಾತ್ರೆಯ ವಿಷಯದಲ್ಲಿ ನನಗೆ ನಿಜಕ್ಕೂ ಭಯ. ಮೆಡಿಕಲ್ ಶಾಪಿನಲ್ಲಿ ಸೊಂಟನೋವು ಎಂದರೆ ಕೈಗೆ ಬರುವ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಅಸಿಕ್ಲೋಫೆನಾಕ್ ಅಥವಾ ಡೈಕ್ಲೋಫೆನಾಕ್ ಸೇರಿರುವುದು ತುಂಬ ಸಾಮಾನ್ಯ. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್ ಗುಂಪಿನ ಔಷಧ 20 ವಾರದ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರು ಇಳಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿತು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ರಕ್ತನಾಳವೊಂದು ಅವಧಿಗೆ ಮುಂಚೆ ಮುಚ್ಚಿಕೊಳ್ಳುವ ಅಪಾಯವೂ ಇದೆ. ಹಚ್ಚುವ ಜೆಲ್‌ಗಳಲ್ಲೂ ಡೈಕ್ಲೋಫೆನಾಕ್ ಇರುತ್ತದೆ, ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಬೇಕು. ನರದ ವಿಟಮಿನ್ ಎಂದು ಕೊಡುವ ಕ್ಯಾಪ್ಸೂಲಿನಲ್ಲಿ ಮೀಥೈಲ್‌ಕೋಬಾಲಮಿನ್ (ಬಿ12 ವಿಟಮಿನ್) ಜೊತೆ ಪ್ರಿಗ್ಯಾಬಲಿನ್ ಎಂಬ ನರನೋವಿನ ಔಷಧವೂ ಇರಬಹುದು. ಅದೂ ಡಾಕ್ಟರ್ ಬರೆಯದೆ ಬೇಡ. ಪ್ಯಾರಾಸಿಟಮಾಲ್ ಒಂದನ್ನೇ, ಡಾಕ್ಟರನ್ನು ಕೇಳಿ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ ತೆಗೆದುಕೊಳ್ಳಬಹುದು. ಇನ್ನೊಂದು ಮಾತು: ಬಿಪಿ ಏರದಿರಲೆಂದು ಡಾಕ್ಟರ್ ಬರೆದ ಕಡಿಮೆ ಪ್ರಮಾಣದ ಆಸ್ಪಿರಿನ್ ಕೂಡ ಇದೇ ಗುಂಪಿನದಾದರೂ, ಅದನ್ನು ಇದನ್ನೋದಿ ನಿಲ್ಲಿಸಬೇಡಿ.

ತಪಾಸಣೆಗೆ ಹೋದಾಗ "ಸೊಂಟನೋವು" ಎಂದಷ್ಟೇ ಹೇಳಿದರೆ "ಬಸುರಲ್ಲಿ ಇದ್ದದ್ದೇ" ಎಂಬ ಉತ್ತರ ಬರುತ್ತದೆ. ನೋವು ಎಲ್ಲಿಯವರೆಗೆ ಇಳಿಯುತ್ತದೆ, ಯಾವ ಚಲನೆಗೆ ಏಳುತ್ತದೆ, ಹೆಬ್ಬೆರಳು ಎತ್ತಲು ಬಲ ಇದೆಯೇ ಎಂದು ಬಿಡಿಸಿ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇರುತ್ತದೆ. ಅಲ್ಲೇ ಫಿಸಿಯೋಥೆರಪಿಗೆ ಚೀಟಿ ಕೇಳಬಹುದು. ಕಾಲಿನ ಬಲ ಕುಂದಿದ್ದರೆ ಎಂಆರ್‌ಐ ಬರೆಯುತ್ತಾರೆ. ಅದರಲ್ಲಿ ಎಕ್ಸ್‌ರೇ ಕಿರಣ ಇರುವುದಿಲ್ಲವಾದ್ದರಿಂದ ಹೆದರಬೇಕಿಲ್ಲ.

ಹೆರಿಗೆಗೆ ಮುಂಚೆ, ಮಲಗಿಕೊಂಡು ನೋವಿಲ್ಲದೆ ಮಂಡಿಗಳನ್ನು ಎಷ್ಟು ಅಗಲಿಸಬಹುದು ಎಂದು ಟೇಪಿನಿಂದ ಅಳೆದು ಬರೆದಿಟ್ಟು ಹೆರಿಗೆ ಕೋಣೆಯವರಿಗೆ ಕೊಡಿ. ಬೆನ್ನಿಗೆ ಅರಿವಳಿಕೆ ಕೊಟ್ಟಾಗ ನೋವು ತಿಳಿಯದೆ ಕಾಲನ್ನು ಅದಕ್ಕಿಂತ ಅಗಲಿಸಿದರೆ ಕೀಲಿಗೆ ಪೆಟ್ಟಾಗಬಹುದು. ಮೊದಲೇ ಮರಗಟ್ಟಿರುವ ಜಾಗವಿದ್ದರೆ ಅರಿವಳಿಕೆ ಡಾಕ್ಟರಿಗೂ ತಿಳಿಸಬೇಕು. ಮಗ್ಗುಲಾಗಿ ಅಥವಾ ಅಂಬೆಗಾಲಿನಲ್ಲಿ ಹೆರುವುದು ಸೊಂಟಕ್ಕೆ ಹಗುರ.

ಬಾಣಂತನದಲ್ಲಿ ತಗ್ಗು ಮಣೆಯ ಮೇಲೆ ಕಾಲು ಚಾಚಿ ಎರೆಸಿಕೊಳ್ಳುವ ಬದಲು ಗಟ್ಟಿಯಾದ ಸ್ಟೂಲು ಇಟ್ಟುಕೊಳ್ಳಿ. ಹಾಲೂಡಿಸುವಾಗ ಮಗುವಿನ ಕಡೆಗೆ ಬಗ್ಗದೆ, ಮಡಿಲಲ್ಲಿ ದಿಂಬಿಟ್ಟು ಮಗುವನ್ನೇ ಎದೆಯ ಎತ್ತರಕ್ಕೆ ತನ್ನಿ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ. ಮೂರು ತಿಂಗಳಾದರೂ ಇಳಿಯದಿದ್ದರೆ ಬಾಣಂತಿ ಸೊಂಟ ಎಂದು ಸುಮ್ಮನಾಗದೆ ಮತ್ತೆ ತೋರಿಸಬೇಕು. ಹಾಲೂಡಿಸುವಾಗಲೂ ನಡೆಯುವ ನೋವಿನ ಮಾತ್ರೆಗಳಿವೆ, ಆ ಹೊತ್ತಿಗೆ ವ್ಯಾಯಾಮಕ್ಕೂ ಬಸುರಿನ ಮಿತಿಗಳು ಇರುವುದಿಲ್ಲ.