ನಿಕ್ಕಲ್ ಬಾಬಿನ್ ಕೇಸ್ ಮೇಲೆ ಅಳಿಸದ ನಂಬರ್

ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಬಾಬಿನ್ ಕೇಸ್ (ಹೊಲಿಗೆ ಮಷೀನಿನ ಕೆಳದಾರದ ಉರುಳೆ ಕೂರುವ ಲೋಹದ ಪುಟ್ಟ ಡಬ್ಬಿ) ಅದಲುಬದಲಾದರೆ ಒಂದು ಮಷೀನಿಗೆ ಕೂರಿಸಿದ ದಾರದ ಬಿಗಿ ಇನ್ನೊಂದಕ್ಕೆ ಹೊಂದುವುದಿಲ್ಲ. ಯಾವ ಮಷೀನಿನದೆಂದು ಮಾರ್ಕರ್‌ನಲ್ಲಿ ಬರೆದ ನಂಬರ್ ಎಣ್ಣೆಗೆ ಅಳಿಸುತ್ತದೆ. ಉಪ್ಪುನೀರು, ಸಣ್ಣ ಕರೆಂಟು ಇದ್ದರೆ ಮನೆಯಲ್ಲೇ ನಂಬರ್ ಕೊರೆಯಬಹುದು.

ಮೊದಲು ಲೇಪ ಯಾವುದೆಂದು ನೋಡಿ. ನಿಕ್ಕಲ್‌ಗೆ ತುಸು ಹಳದಿ ಛಾಯೆ, ಕ್ರೋಮಿಗೆ ನೀಲಿ ಹೊಳಪು. ಕ್ರೋಮ್ ಅನ್ನಿಸಿದರೆ, ಅನುಮಾನವಿದ್ದರೂ, ಬಿಟ್ಟುಬಿಡಿ: ಕರೆಂಟಿನ ಪ್ಲಸ್ ತಂತಿ ಕೊಟ್ಟಾಗ ಅದರಿಂದ ಕ್ಯಾನ್ಸರ್ ತರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಹುಟ್ಟಬಹುದು. ಸತು ಲೇಪದ ಬೋಲ್ಟೂ ಬೇಡ. ಸತು ಬೇಗ ಕರಗಿ ಕೆಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಬೇಕಾದ್ದು: 9 ವೋಲ್ಟ್ ಡಿಸಿ ಅಡಾಪ್ಟರ್, ಎರಡು ಕ್ರೊಕೊಡೈಲ್ ಕ್ಲಿಪ್, ಬೈಕಿನ 12 ವೋಲ್ಟ್ 10 ವಾಟ್ ಇಂಡಿಕೇಟರ್ ಬಲ್ಬು, ಹತ್ತಿಯ ಇಯರ್ ಬಡ್, ರಬ್ಬರ್ ಗ್ಲೌಸ್. ಬಲ್ಬನ್ನು ಅಡಾಪ್ಟರ್‌ನ ಒಂದು ತಂತಿಯ ನಡುವೆ ಸೇರಿಸಿ, ಕರೆಂಟು ಅದರ ಮೂಲಕವೇ ಹಾಯಬೇಕು. ಕ್ಲಿಪ್‌ಗಳು ಒಂದಕ್ಕೊಂದು ತಾಗಿದರೆ ಬಲ್ಬು ಉರಿಯುತ್ತದೆ, ಅಡಾಪ್ಟರ್ ಉಳಿಯುತ್ತದೆ. ಮನೆಯ 230 ವೋಲ್ಟ್ ಲೈನನ್ನು ನೇರವಾಗಿ ಎಂದೂ ಬಳಸಬೇಡಿ. 100 ಮಿಲಿ ಫಿಲ್ಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಸಾಕು. ನಿಕ್ಕಲ್ ತನ್ನ ಮೇಲೆ ತೆಳು ಪೊರೆ ಕಟ್ಟಿಕೊಂಡು ಕರಗದೆ ನಿಲ್ಲುತ್ತದೆ. ಉಪ್ಪಿನ ಕ್ಲೋರೈಡ್ ಆ ಪೊರೆ ಒಡೆಯುತ್ತದೆ.

ರೇಡಿಯಂ ಅಂಗಡಿಯಲ್ಲಿ 5 ಮಿಮೀ ಎತ್ತರದ ನಂಬರನ್ನು ಸ್ಟಿಕರ್‌ನಲ್ಲಿ ತೂತಾಗಿ ಕತ್ತರಿಸಿಕೊಳ್ಳಿ. ಲ್ಯಾಚ್ (ಎತ್ತಿ ಹಿಡಿಯುವ ಪುಟ್ಟ ಕೊಂಡಿ) ಇರುವ ಮುಖವನ್ನು ಸ್ಪಿರಿಟ್‌ನಲ್ಲಿ ಒರೆಸಿ ಅಂಟಿಸಿ, ಅಂಚಿಗೆ ನೇಲ್ ಪಾಲಿಶ್ ಹಚ್ಚಿ. ಎಣ್ಣೆ ಉಳಿದರೆ ನೀರು ಸ್ಟಿಕರ್ ಕೆಳಗೆ ನುಗ್ಗಿ ಅಕ್ಷರ ಕದಡುತ್ತದೆ. ಬಿಗಿಯ ಸ್ಪ್ರಿಂಗ್, ದಾರ ಓಡುವ ಜಾಗ ಮುಟ್ಟಬೇಡಿ; ಅಲ್ಲಿ ಒರಟಾದರೆ ದಾರ ಹರಿಯುತ್ತದೆ.

ಪ್ಲಸ್ ಕ್ಲಿಪ್ ಕೇಸಿಗೆ, ಮೈನಸ್ ಕ್ಲಿಪ್ ಒದ್ದೆ ಹತ್ತಿಯ ಬುಡಕ್ಕೆ. ಗೊಂದಲವಾದರೆ ಎರಡೂ ತಂತಿಯ ತುದಿ ಉಪ್ಪುನೀರಿಗೆ ಅದ್ದಿ: ಹೆಚ್ಚು ಗುಳ್ಳೆ ಬಂದದ್ದೇ ಮೈನಸ್. ಹತ್ತಿಯನ್ನು ನಂಬರ್ ಮೇಲೆ 3 ಸೆಕೆಂಡ್ ಒತ್ತಿ, ಎತ್ತಿ, ಮತ್ತೆ ಅದ್ದಿ. ಬೇಸಿಗೆಯಲ್ಲಿ ಹತ್ತಿ ಬೇಗ ಒಣಗುತ್ತದೆ. ಒಣಗಿದ ಹತ್ತಿಯಲ್ಲಿ ಕ್ಲಿಪ್ ಲೋಹಕ್ಕೆ ತಾಗಿ ಕಿಡಿ ಹಾರಿದರೆ ಕಪ್ಪು ಗುಳಿ ಬೀಳುತ್ತದೆ. ಹತ್ತಿ ನಸು ಹಸಿರಾದರೆ ನಿಕ್ಕಲ್ ಕರಗುತ್ತಿದೆ ಎಂದರ್ಥ. ಅದು ಕಂದು ತಿರುಗಿದ ಕೂಡಲೇ ನಿಲ್ಲಿಸಿ, ಕಬ್ಬಿಣ ಬಂದಿದೆ. 1 ಆಂಪಿಯರ್ ಗಂಟೆಗೆ ಸುಮಾರು 1.1 ಗ್ರಾಂ ನಿಕ್ಕಲ್ ಕರಗಿಸುತ್ತದೆ. ಲೇಪ ಕೆಲವೇ ಮೈಕ್ರಾನ್, ಆದ್ದರಿಂದ ಒಟ್ಟು 15 ಸೆಕೆಂಡ್ ಆದಮೇಲೆ ಸ್ಟಿಕರ್ ಮೂಲೆ ಎತ್ತಿ ನೋಡಿ. ಮಂಕಾದ ಗುರುತು ಮೂಡಿದ್ದರೆ ಅಷ್ಟೇ ಸಾಕು.

ಕಿಟಕಿ ತೆರೆದಿರಲಿ, ಕ್ಲೋರಿನ್ ವಾಸನೆ ಬರುತ್ತದೆ. ಮುಗಿದ ಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಒಣಗಿಸಿ, ಮಷೀನ್ ಎಣ್ಣೆ ಹಚ್ಚಿ. ಹಸಿರು ಹತ್ತಿ, ಉಳಿದ ನೀರನ್ನು ಚರಂಡಿಗೆ ಸುರಿಯದೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆರಿಸಿ, ಮುಚ್ಚಿ, ಅಪಾಯಕಾರಿ ಕಸದ ಜತೆ ಕೊಡಿ.